ಚಹವೂ ಒಂದು ವಿದ್ಯೆಯೆ?

ಕಳೆದ ಶ್ರಾವಣದಲ್ಲಿ ಒಂದು ದಿನ, ಪ್ರವಚನ ಮುಗಿದು ಪ್ರಸಾದದ ಪಂಕ್ತಿ ಏಳುವ ಹೊತ್ತಿಗೆ, ಧಾರವಾಡ ಸೀಮೆಯ ಗೃಹಸ್ಥರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಬಳಿ ಬಂದು ಕುಳಿತರು. ಹುಡುಗಿ ಕೃಷಿ ಪದವಿಯನ್ನು ಒಳ್ಳೆಯ ಅಂಕಗಳೊಡನೆ ಮುಗಿಸಿದ್ದಾಳೆ. ಮುಂದೆ ಅಸ್ಸಾಮಿನ ಜೋರ್ಹಾಟಿಗೆ ಹೋಗಿ ಎಂ.ಎಸ್‌ಸಿ. ಓದುವೆನೆಂದು ಹಟ ಹಿಡಿದಿದ್ದಾಳೆ. ವಿಷಯ ಯಾವುದೆಂದು ಕೇಳಿದೆವು.

“ಚಹಾ ಓದತೇನಂತಾಳ್ರಿ ಗುರುಗಳ. ಚಹಾದಾಗ ಓದೂದರ ಏನೈತ್ರಿ? ಒಲಿ ಮ್ಯಾಲೆ ನೀರಿಟ್ಟು ಪುಡಿ ಹಾಕಿದರ ಆತು” ಎಂದರು ತಂದೆ.

ಸುತ್ತ ಇದ್ದವರು ನಕ್ಕರು. ನಾವೂ ನಕ್ಕೆವೆಂಬುದನ್ನು ಒಪ್ಪಿಕೊಳ್ಳಬೇಕು. ಹುಡುಗಿ ಮಾತ್ರ ನಗಲಿಲ್ಲ. “ಬಾಳೆಹೊನ್ನೂರಾಗ ಕಾಫಿ ಓದೋರು ಅದಾರಲ್ರಿ ಅಜ್ಜಾರ, ಅವರನ್ನ ಕಂಡು ಯಾರೂ ನಗೂದಿಲ್ಲ” ಎಂದಳು.

ಮಾತು ಸರಿಯಾಗಿಯೇ ಇತ್ತು. ಬಾಳೆಹೊನ್ನೂರಿನ ಪೀಠಕ್ಕೆ ಹೋಗಿಬರುವ ಭಕ್ತರಲ್ಲಿ ಎಷ್ಟೋ ಜನ ಅಲ್ಲಿಗೆ ಸಮೀಪದ ಕಾಫಿ ಸಂಶೋಧನಾ ಕೇಂದ್ರವನ್ನು ಬಲ್ಲರು. ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೨೫ರಲ್ಲಿ, ಪ್ರಾರಂಭವಾದ ಆ ಕೇಂದ್ರಕ್ಕೆ ನೂರು ವರ್ಷ ತುಂಬಿತು. ಕಾಫಿಗೆ ಸಲ್ಲುವ ಗೌರವ ಚಹಕ್ಕೇಕೆ ಸಲ್ಲಬಾರದು? ಎರಡು ವಾರ ಕಾಲಾವಕಾಶ ಕೊಡಿರೆಂದು ತಂದೆಗೆ ಹೇಳಿ ಕಳುಹಿಸಿ, ನಾವು ಪುಸ್ತಕಗಳನ್ನು ತರಿಸಿಕೊಂಡು ಕುಳಿತೆವು. ಓದಿ ತಿಳಿದುದನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಉಚಿತವೆನಿಸಿತು. ಏಕೆಂದರೆ ಇಂಥ ಪ್ರಶ್ನೆ ಆ ಒಂದು ಮನೆಯದಷ್ಟೇ ಆಗಿರಲಾರದು.

ಚಹದ ಮೇಲೆ ಬರೆದ ಮೊದಲ ಶಾಸ್ತ್ರಗ್ರಂಥ ಚೀನಾ ದೇಶದ್ದು. ಎಂಟನೆಯ ಶತಮಾನದಲ್ಲಿ ಲು ಯು ಎಂಬಾತನು ಹತ್ತು ಅಧ್ಯಾಯಗಳಲ್ಲಿ ಚಹದ ಗಿಡ, ಎಲೆ ಕೊಯ್ಯುವ ಸಲಕರಣೆ, ಪಾತ್ರೆ, ನೀರು, ಕುದಿಸುವ ಕ್ರಮ ಎಲ್ಲವನ್ನೂ ವಿವರಿಸಿದನು. ಈತ ತಂದೆತಾಯಿಗಳು ಬಿಟ್ಟುಹೋದ ಶಿಶು. ಒಂದು ಬೌದ್ಧ ಮಠದಲ್ಲಿ ಬೆಳೆದವನು. ಗುರುವು ಸನ್ಯಾಸ ಕೊಡಲು ಹೊರಟಾಗ ಒಲ್ಲೆನೆಂದು ಮಠದಿಂದ ಓಡಿಹೋಗಿ ನಾಟಕದವರನ್ನು ಕೂಡಿಕೊಂಡನಂತೆ. ಮಠದ ಅನ್ನವುಂಡು ಅಕ್ಷರ ಕಲಿತ ನಮಗೆ ಈ ಕಥೆ ಓದಿ ಆತನ ಮೇಲೆ ಒಂದು ಬಗೆಯ ಸಲಿಗೆ ಹುಟ್ಟಿತು. ಅದಿರಲಿ. ಆತನಿಂದ ಮುಂದೆ ಸಾವಿರ ವರ್ಷ ಚೀನೀಯರ ಚಹದ ಜ್ಞಾನ ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ಇಳಿದು ಬಂದಿತು. ಎಲೆ ಎಷ್ಟು ಬಾಡಿತು, ಬಾಣಲೆ ಎಷ್ಟು ಕಾದಿತು ಎಂಬುದನ್ನು ಅಂಗೈ ಹೇಳುತ್ತಿತ್ತು, ಮೂಗು ಹೇಳುತ್ತಿತ್ತು. ಜಗತ್ತಿಗೆಲ್ಲ ಚಹ ಹೋಗುತ್ತಿದ್ದುದು ಅವರ ಮನೆಯಂಗಳದಿಂದಲೇ.

ಈ ಏಕಸ್ವಾಮ್ಯ ಮುರಿದದ್ದು ನಮ್ಮ ದೇಶದಲ್ಲಿ. ಅಸ್ಸಾಮಿನ ಕಾಡುಗಳಲ್ಲಿ ಚಹದ ಗಿಡ ತಾನಾಗಿಯೇ ಬೆಳೆಯುತ್ತದೆಂಬುದು ೧೮೨೩ರ ಸುಮಾರಿಗೆ ಆಂಗ್ಲರಿಗೆ ಗೊತ್ತಾಯಿತು. ಅಲ್ಲಿನ ಸಿಂಗ್ಫೋ ಜನರು ಅದನ್ನು ಮೊದಲೇ ಬಲ್ಲರು. ೧೮೩೯ರಲ್ಲಿ ಅಸ್ಸಾಮಿನ ಚಹ ಲಂಡನ್ನಿನಲ್ಲಿ ಹರಾಜಾಯಿತು. ಅದೇ ವರ್ಷ ಅಸ್ಸಾಂ ಕಂಪನಿ ಹುಟ್ಟಿತು. ಮುಂದಿನ ಐವತ್ತು ವರ್ಷಗಳಲ್ಲಿ ದೊಡ್ಡ ದೊಡ್ಡ ತೋಟಗಳು, ಎಲೆ ಹೊಸೆಯುವ ಯಂತ್ರಗಳು, ಒಣಗಿಸುವ ಯಂತ್ರಗಳು ಬಂದವು. ಈ ಏಳಿಗೆಯ ಅಡಿಯಲ್ಲಿ ಛೋಟಾನಾಗಪುರ ಮೊದಲಾದ ಕಡೆಗಳಿಂದ ಕರಾರಿನ ಮೇಲೆ ಸಾಗಿಸಿ ತಂದ ಕೂಲಿಗಳ ಬೆವರೂ ಕಣ್ಣೀರೂ ಇದ್ದವು. ಯಂತ್ರದ ಹೊಗಳಿಕೆಯಲ್ಲಿ ಅದನ್ನು ಮರೆಯಲಾಗದು. ಚೀನಾದ ರಫ್ತು ೧೮೮೬ರಲ್ಲಿ ಸುಮಾರು ಒಂದು ಲಕ್ಷ ಮೂವತ್ತನಾಲ್ಕು ಸಾವಿರ ಟನ್ನಿನ ಶಿಖರ ಮುಟ್ಟಿ ಆಮೇಲೆ ಇಳಿಮುಖವಾಯಿತು. ಸಣ್ಣ ರೈತ ಬೆಳೆದ ಎಲೆ ನಾಲ್ಕಾರು ದಲ್ಲಾಳಿಗಳ ಕೈ ದಾಟಿ ಬರುವಷ್ಟರಲ್ಲಿ ಗುಣ ಒಂದೇ ಸಮನಾಗಿ ಉಳಿಯುತ್ತಿರಲಿಲ್ಲ. ಕಲಬೆರಕೆಯ ಅಪವಾದ ಬೇರೆ. ಅಂಗೈಯ ಜ್ಞಾನಕ್ಕೆ ಕೊರತೆಯಿರಲಿಲ್ಲ. ಅದನ್ನು ಅಳೆದು, ಬರೆದು, ಹತ್ತೂರಿಗೆ ಒಂದೇ ರೀತಿ ಕಲಿಸುವ ವ್ಯವಸ್ಥೆ ಇರಲಿಲ್ಲ.

ಆಗ ನಡೆದ ಒಂದು ಸಂಗತಿ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ೧೯೦೫ರಲ್ಲಿ ಚೀನಾದ ಸರ್ಕಾರಿ ಅಧಿಕಾರಿ ಜೆಂಗ್ ಶಿಹುವಾಂಗ್ ಎಂಬವರು ಸಿಂಹಳಕ್ಕೂ ಭಾರತಕ್ಕೂ ಬಂದರು. ಬಂದದ್ದು ಚಹದ ಕೃಷಿಯನ್ನೂ ಯಂತ್ರಗಳನ್ನೂ ನೋಡಿ ಕಲಿಯುವುದಕ್ಕೆ! ಜಗತ್ತಿಗೆ ಚಹ ಕುಡಿಯುವುದನ್ನು ಕಲಿಸಿದ ದೇಶ ಶಿಷ್ಯವೃತ್ತಿ ಕೈಗೊಂಡು ಹೊರಗೆ ನಡೆದುಬಂದಿತು. ಗುರುವಾಗಿದ್ದವನು ಶಿಷ್ಯನಾಗಿ ಕುಳಿತುಕೊಳ್ಳಲು ಎಷ್ಟು ಸಂಕೋಚಪಟ್ಟಿರಬೇಕೋ ನಾವು ಊಹಿಸಬಲ್ಲೆವು.

ಆ ಸಂಕೋಚವನ್ನು ಸಂಕಲ್ಪವಾಗಿ ಮಾಡಿಕೊಂಡವರು ವು ಜುಯೆನೊಂಗ್. ಹುಟ್ಟಿದ್ದು ೧೮೯೭ರಲ್ಲಿ, ಜೆಜಿಯಾಂಗ್ ಪ್ರಾಂತದಲ್ಲಿ. ತಾಯಿತಂದೆಗಳು ಇಟ್ಟ ಹೆಸರು ಬೇರೆ. ರೈತರ ಎಚ್ಚರಕ್ಕಾಗಿ ಬದುಕಬೇಕೆಂದು ತಾವೇ ಜುಯೆನೊಂಗ್ ಎಂಬ ಹೆಸರಿಟ್ಟುಕೊಂಡರು. ಅದರಲ್ಲಿ ಎಚ್ಚರ ಎಂಬ ಮಾತೂ ಕೃಷಿ ಎಂಬ ಮಾತೂ ಕೂಡಿವೆ. ೧೯೧೯ರಲ್ಲಿ ಜಪಾನಿಗೆ ಹೋಗಿ ಚಹದ ಶಾಸ್ತ್ರ ಕಲಿತರು. ಮೂವತ್ತರ ದಶಕದಲ್ಲಿ ಭಾರತ, ಸಿಂಹಳ ಮೊದಲಾದ ದೇಶಗಳನ್ನು ಸುತ್ತಿ ನೋಡಿದರು. ನೋಡಿದಷ್ಟೂ ಅವರಿಗೆ ಒಂದೇ ಯೋಚನೆ: ತಮ್ಮ ದೇಶದಲ್ಲಿ ಚಹ ಬೆಳೆಯುವವರು ಕೋಟಿಗಟ್ಟಲೆ ಇದ್ದಾರೆ, ಅದನ್ನು ವಿಶ್ವವಿದ್ಯಾಲಯದಲ್ಲಿ ಓದಿದವರು ಮಾತ್ರ ಇಲ್ಲ.

ಅವರ ಆಸೆ ಈಡೇರಿದ ಕಾಲವನ್ನು ನೋಡಿರಿ. ೧೯೪೦. ಜಪಾನಿನ ಸೇನೆ ಚೀನಾದ ಕರಾವಳಿಯ ಬಹುಭಾಗವನ್ನು ನುಂಗಿದೆ. ಶಾಂಘಾಯ್ ನಗರದ ಫುದಾನ್ ವಿಶ್ವವಿದ್ಯಾಲಯ ನೆಲೆ ತಪ್ಪಿ ಒಳನಾಡಿನ ಚೊಂಗ್‌ಚಿಂಗ್ ಪ್ರದೇಶಕ್ಕೆ ಬಂದು ನಿಂತಿದೆ. ಮೇಲಿನಿಂದ ವಿಮಾನಗಳು ಬಾಂಬು ಸುರಿಸುತ್ತಿವೆ. ಆ ವರ್ಷದ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರಾದ ಸುನ್ ಹಾನ್‌ಬಿಂಗ್ ಅವರೇ ಅಂಥ ದಾಳಿಯಲ್ಲಿ ಮಡಿದರು. ಅಂಥ ವರ್ಷದಲ್ಲಿ, ಅಂಥ ಜಾಗದಲ್ಲಿ, ಚೀನಾದ ವಿಶ್ವವಿದ್ಯಾಲಯವೊಂದರಲ್ಲಿ ಮೊಟ್ಟಮೊದಲ ಚಹದ ವಿಭಾಗ ತೆರೆಯಿತು. ವು ಅವರೇ ಅದರ ಮುಖ್ಯಸ್ಥರು. ನಾಲ್ಕು ವರ್ಷದ ಪದವಿ ಒಂದು, ಎರಡು ವರ್ಷದ ವಿಶೇಷ ಶಿಕ್ಷಣ ಇನ್ನೊಂದು.

ಯುದ್ಧದ ನಡುವೆ ಚಹದ ಪಾಠವೇ ಎಂದು ಯಾರಾದರೂ ಕೇಳಿಯಾರು. ಯುದ್ಧವಿದ್ದುದರಿಂದಲೇ ಚಹ ಬೇಕಾಗಿತ್ತು. ಸೋವಿಯತ್ ದೇಶದಿಂದ ಚೀನಾ ಶಸ್ತ್ರಾಸ್ತ್ರ ತರಿಸುತ್ತಿತ್ತು; ಅದಕ್ಕೆ ಪ್ರತಿಯಾಗಿ ಕೊಡುತ್ತಿದ್ದ ಸರಕುಗಳಲ್ಲಿ ಚಹ ಮುಖ್ಯವಾದದ್ದು. ಆ ವಿನಿಮಯಕ್ಕಾಗಿ ಚಹವನ್ನು ಕೂಡಿಸಿ ಕಳಿಸುವ ಹೊಣೆಯಲ್ಲಿ ವು ಅವರೂ ಇದ್ದರು. ಎಲೆಯ ಗುಣ ಕೆಟ್ಟರೆ ರಣರಂಗಕ್ಕೆ ಪೆಟ್ಟು.

ಯುದ್ಧ ಮುಗಿದ ಮೇಲೆ ಫುದಾನ್ ಶಾಂಘಾಯ್‌ಗೆ ಮರಳಿತು. ೧೯೫೨ರಲ್ಲಿ ಚೀನಾ ತನ್ನ ವಿಶ್ವವಿದ್ಯಾಲಯಗಳನ್ನೆಲ್ಲ ಪುನರ್ವಿಂಗಡಿಸಿದಾಗ ಈ ಶಿಕ್ಷಣ ಆನ್‌ಹುಯಿ ಪ್ರಾಂತಕ್ಕೆ ಹೋಯಿತು; ೧೯೫೪ರಿಂದ ಅಲ್ಲಿನ ಹೆಫೇ ನಗರದಲ್ಲಿ ನೆಲೆನಿಂತಿತು. ಇಂದಿನ ಆನ್‌ಹುಯಿ ಕೃಷಿ ವಿಶ್ವವಿದ್ಯಾಲಯದ ಚಹದ ವಿಭಾಗದ ಹುಟ್ಟು ಇದು. ಹಾಂಗ್‌ಜೌ ನಗರದಲ್ಲಿಯೂ ಹುನಾನ್ ಪ್ರಾಂತದಲ್ಲಿಯೂ ಇಂಥ ವಿಭಾಗಗಳು ಬೆಳೆದಿವೆ. ೨೦೧೮ರಲ್ಲಿ ಚೀನೀ ಬಗೆಯ ಚಹದ ಗಿಡದ ವಂಶವಾಹಿಗಳ ಕರಡು ನಕ್ಷೆಯನ್ನು ಪ್ರಕಟಿಸಿದ ತಂಡಕ್ಕೆ ಮುಂದಾಳುಗಳಾಗಿದ್ದವರು ಆನ್‌ಹುಯಿಯವರೇ.

ಇನ್ನು, ಅಲ್ಲಿ ಓದುವುದಾದರೂ ಏನು? ಆ ತಂದೆಯ ಪ್ರಶ್ನೆಗೆ ಈಗ ಬರೋಣ.

ನಾವು ಕುಡಿಯುವ ಕಪ್ಪು ಚಹ, ಹಸಿರು ಚಹ, ಬಿಳಿಯ ಚಹ ಇವೆಲ್ಲ ಬೇರೆ ಬೇರೆ ಗಿಡಗಳವೆಂದು ನಾವು ತಿಳಿದಿದ್ದೆವು. ನಿಮ್ಮಲ್ಲಿಯೂ ಹಲವರು ಹಾಗೆ ತಿಳಿದಿರಬಹುದು. ಅಲ್ಲ, ಗಿಡ ಒಂದೇ. ಸಣ್ಣೆಲೆಯ ಚೀನೀ ಬಗೆ, ದೊಡ್ಡೆಲೆಯ ಅಸ್ಸಾಂ ಬಗೆ ಎಂಬ ಎರಡು ಮುಖ್ಯ ಪ್ರಭೇದಗಳು ಅಷ್ಟೇ. ಭೇದವೆಲ್ಲ ಎಲೆಯನ್ನು ಕಿತ್ತ ಮೇಲೆ ನಡೆಯುವ ಸಂಸ್ಕಾರದಲ್ಲಿದೆ. ಎಲೆ ಜಜ್ಜಿದೊಡನೆ ಅದರೊಳಗಿನ ಒಂದು ಕಿಣ್ವವು ಒಗರು ಕೊಡುವ ದ್ರವ್ಯಗಳನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸುತ್ತದೆ. ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುವುದಿಲ್ಲವೆ, ಅದೇ ಕ್ರಿಯೆ. ಕೊಯ್ದ ಎಲೆಯನ್ನು ಕೂಡಲೇ ಬಾಣಲೆಯಲ್ಲಿ ಹುರಿದೋ ಹಬೆಗೆ ಹಿಡಿದೋ ಆ ಕಿಣ್ವವನ್ನು ಸುಮ್ಮನಾಗಿಸಿದರೆ ಹಸಿರು ಚಹ. ಬಾಡಿಸಿ, ಹೊಸೆದು, ಕ್ರಿಯೆ ಪೂರ್ತಿ ನಡೆಯಲು ಬಿಟ್ಟು ಆಮೇಲೆ ಒಣಗಿಸಿದರೆ ನಮ್ಮ ಮನೆಯ ಚಹ. ನಡುವೆ ತಡೆದರೆ ಊಲಾಂಗ್. ತೋಟದವರು ಈ ಘಟ್ಟವನ್ನು ಹುದುಗು ಬರಿಸುವುದೆಂದು ಕರೆಯುವುದುಂಟು. ಆದರೆ ಇಡ್ಲಿಯ ಹಿಟ್ಟು ಹುದುಗುವಂತೆ ಇಲ್ಲಿ ಯಾವ ಸೂಕ್ಷ್ಮಜೀವಿಯೂ ಕೆಲಸ ಮಾಡುವುದಿಲ್ಲ. ಆನ್‌ಹುಯಿಯ ಪ್ರಾಧ್ಯಾಪಕ ಚೆನ್ ಚುವಾನ್ ಅವರು ೧೯೭೯ರಲ್ಲಿ ಈ ಸಂಸ್ಕಾರಕ್ರಮವನ್ನೇ ಆಧಾರವಾಗಿಟ್ಟುಕೊಂಡು ಎಲ್ಲ ಚಹಗಳನ್ನು ಆರು ವರ್ಗಗಳಲ್ಲಿ ಅಡಕಗೊಳಿಸಿದರು. ನೂರಾರು ಹೆಸರುಗಳ ಗೊಂದಲ ಒಂದು ಶಾಸ್ತ್ರದ ಸೂತ್ರಕ್ಕೆ ಬಂದಿತು. ವ್ಯಾಕರಣ ಓದಿದ ನಮಗೆ ಈ ಕೆಲಸದ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ.

ಇದು ಒಂದು ಭಾಗ. ಗಿಡವನ್ನು ಯಾವಾಗ ಎಷ್ಟು ಎತ್ತರಕ್ಕೆ ಸವರಬೇಕು, ಹುಳಿ ಮಣ್ಣನ್ನು ಬಯಸುವ ಅದಕ್ಕೆ ಏನು ಗೊಬ್ಬರ, ಎರಡೆಲೆ ಒಂದು ಮೊಗ್ಗಿನ ಚಿಗುರನ್ನು ಎಷ್ಟು ದಿನಕ್ಕೊಮ್ಮೆ ಕೊಯ್ಯಬೇಕು ಎಂಬುದು ಇನ್ನೊಂದು ಭಾಗ. ರೋಗಕೀಟಗಳದು ಮತ್ತೊಂದು. ಕರಾವಳಿಯ ಗೇರು ಬೆಳೆಗಾರರನ್ನು ಕಾಡುವ ಟೀ ಸೊಳ್ಳೆಗೆ ಆ ಹೆಸರೇಕೆ ಬಂದಿತೆಂದು ಈಗ ತಿಳಿಯಿತು. ಅದರ ಒಡಹುಟ್ಟು ಚಹದ ತೋಟದ ಹಳೆಯ ಶತ್ರು. ಇನ್ನು ರುಚಿ ನೋಡುವ ವಿದ್ಯೆ. ಅದಕ್ಕೂ ಅಂತರರಾಷ್ಟ್ರೀಯ ಮಾನಕವಿದೆ: ನೂರು ಮಿಲಿಲೀಟರ್ ಕುದಿನೀರಿಗೆ ಎರಡು ಗ್ರಾಂ ಎಲೆ, ಆರು ನಿಮಿಷ, ಬಿಳಿಯ ಪಿಂಗಾಣಿ ಪಾತ್ರೆ. ಪರೀಕ್ಷಕನು ಚಮಚದಿಂದ ಸೊರ್ರನೆ ಹೀರಿ, ಬಾಯೆಲ್ಲ ಆಡಿಸಿ, ಉಗುಳಿಬಿಡುತ್ತಾನೆ. ನಮ್ಮ ಮನೆಗಳಲ್ಲಿ ಸೊರ್ರೆಂದು ಕುಡಿದರೆ ತಾಯಂದಿರು ಗದರುತ್ತಾರೆ. ಅಲ್ಲಿ ಹಾಗೆ ಹೀರದವನು ನಪಾಸಾಗುವನೋ ಏನೋ!

ಹೆಣ್ಣುಮಗಳ ಓದಿನ ಪ್ರಶ್ನೆಯಾದುದರಿಂದ ಜಪಾನಿನ ಒಬ್ಬ ತಾಯಿಯನ್ನು ಇಲ್ಲಿ ನೆನೆಯಲೇಬೇಕು. ಮಿಚಿಯೊ ತ್ಸುಜಿಮುರಾ ಅವರು ೧೮೮೮ರಲ್ಲಿ ಹುಟ್ಟಿದವರು. ವಿಜ್ಞಾನ ಕಲಿಯಲು ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಸಂಬಳವಿಲ್ಲದ ಸಹಾಯಕಿಯಾಗಿ ಪ್ರಯೋಗಶಾಲೆ ಸೇರಿದರು. ಆಮೇಲೆ ಟೋಕಿಯೋದಲ್ಲಿ ಹಸಿರು ಚಹದ ಸಂಶೋಧನೆಗೆ ತೊಡಗಿ, ೧೯೨೪ರಲ್ಲಿ ಅದರಲ್ಲಿ ಸಿ ಜೀವಸತ್ವ ಇರುವುದನ್ನು ಸಹೋದ್ಯೋಗಿಯೊಡನೆ ತೋರಿಸಿದರು. ೧೯೨೯ರಲ್ಲಿ ಒಗರಿಗೆ ಕಾರಣವಾದ ಕ್ಯಾಟೆಚಿನ್ ಎಂಬ ದ್ರವ್ಯವನ್ನು ಚಹದೆಲೆಯಿಂದ ಬೇರ್ಪಡಿಸಿದರು. ಹಸಿರು ಚಹದ ಘಟಕಗಳ ಮೇಲೆ ಬರೆದ ಪ್ರಬಂಧಕ್ಕೆ ೧೯೩೨ರಲ್ಲಿ ಡಾಕ್ಟರೇಟ್ ಬಂದಿತು. ಜಪಾನಿನಲ್ಲಿ ಕೃಷಿವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರೇ. ಮುಂದೆ ಅವರು ಪ್ರಾಧ್ಯಾಪಕಿಯಾಗಿದ್ದ ಓಚನೊಮಿಜು ಮಹಿಳಾ ವಿಶ್ವವಿದ್ಯಾಲಯದ ಹೆಸರಿನ ಅರ್ಥ “ಚಹದ ನೀರು” ಎಂದು! ಷೋಗುನ್ ದೊರೆಯ ಚಹಕ್ಕೆ ನೀರು ತರುತ್ತಿದ್ದ ಊರಿನ ಹೆಸರಂತೆ ಅದು. ಪ್ರವೇಶವೇ ಇಲ್ಲವೆಂದವರ ಬಾಗಿಲಲ್ಲಿ ಕುಳಿತು ಆಕೆ ಕಲಿತ ವಿದ್ಯೆಗೆ ಇಂದು ನಮ್ಮ ಹುಡುಗಿಯರಿಗೆ ಅರ್ಜಿ ಹಾಕುವ ಅವಕಾಶವಿದೆ. ತಡೆಯುವವರು ಮನೆಯವರು ಮಾತ್ರ.

ಈಗ ನಮ್ಮ ದೇಶಕ್ಕೆ ಬರೋಣ. ಚೀನೀಯರು ಬಂದು ಕಲಿತ ದೇಶವಲ್ಲವೆ ನಮ್ಮದು? ತೋಟದ ಮಾಲೀಕರ ಸಂಘವು ೧೯೦೦ರಲ್ಲಿಯೇ ಹೆರಾಲ್ಡ್ ಮನ್ ಎಂಬ ವಿಜ್ಞಾನಿಯನ್ನು ನೇಮಿಸಿಕೊಂಡಿತು. ೧೯೧೧ರಲ್ಲಿ ಜೋರ್ಹಾಟಿನ ಟೋಕ್ಲಾಯ್ ಸಂಶೋಧನಾಕೇಂದ್ರ ಹುಟ್ಟಿತು. ೧೯೩೦ರ ಸುಮಾರಿಗೆ ಮೆಕರ್ಚರ್ ಎಂಬವರು ಅಸ್ಸಾಮಿನ ತೋಟವೊಂದರಲ್ಲಿ ರೂಪಿಸಿದ ಯಂತ್ರದಿಂದಲೇ ನಮ್ಮ ಮನೆಗಳ ಕಾಳುಕಾಳಾದ ಸಿ.ಟಿ.ಸಿ. ಚಹ ಬಂದದ್ದು. ೧೯೪೯ರಲ್ಲಿ ಟೋಕ್ಲಾಯ್ ತನ್ನ ಮೊದಲ ಕ್ಲೋನ್ ತಳಿಗಳನ್ನು ಬಿಡುಗಡೆ ಮಾಡಿತು. ದಕ್ಷಿಣದ ತೋಟಗಾರರ ಸಂಘವಾದ ಉಪಾಸಿ ೧೮೯೩ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅದರ ಚಹ ಸಂಶೋಧನಾಕೇಂದ್ರ ಆನೆಮಲೆಯ ವಾಲ್ಪಾರೈಯಲ್ಲಿದೆ.

ಆದರೆ ಗಮನಿಸಿ: ಇವೆಲ್ಲ ಮಾಲೀಕರು ಮಾಲೀಕರಿಗಾಗಿ ಕಟ್ಟಿಕೊಂಡ ವಿದ್ಯೆ. ಕಂಪನಿಗೆ ಸೇರಿದ ತರುಣ ಸಾಹೇಬರು ತೋಟದಲ್ಲಿಯೇ ಕಲಿಯುತ್ತಿದ್ದರು. ಹೊರಗಿನವನು ಶುಲ್ಕ ಕಟ್ಟಿ, ಪರೀಕ್ಷೆ ಬರೆದು, ಚಹವನ್ನು ಓದುವ ದಾರಿ ತೆರೆದದ್ದು ತಡವಾಗಿ. ೧೯೬೯ರಲ್ಲಿ ಸ್ಥಾಪನೆಯಾದ ಅಸ್ಸಾಂ ಕೃಷಿ ವಿಶ್ವವಿದ್ಯಾಲಯದಲ್ಲಿ ಚಹದ ಕೃಷಿ ಮತ್ತು ತಂತ್ರಜ್ಞಾನಕ್ಕೇ ಒಂದು ವಿಭಾಗ ಬಂದಿತು. ಉತ್ತರ ಬಂಗಾಳ ವಿಶ್ವವಿದ್ಯಾಲಯದಲ್ಲಿಯೂ ಚಹದ ವಿಭಾಗವಿದೆ. ಹುಡುಗಿಯ ತಂದೆ ಹತ್ತಿರದಲ್ಲಿ ಏನೂ ಇಲ್ಲವೇ ಎಂದು ಕೇಳಿದ್ದರು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ೧೯೯೩ರಿಂದ ಕೇಂದ್ರ ಸರ್ಕಾರದ ತೋಟಗಾರಿಕಾ ನಿರ್ವಹಣಾ ಸಂಸ್ಥೆಯೊಂದಿದೆ. ಕಾಫಿ, ಚಹ, ರಬ್ಬರು ಮೊದಲಾದ ತೋಟಗಳ ವ್ಯವಹಾರವನ್ನು ಕಲಿಸುತ್ತದೆ. ಆದರೆ ಅದು ಆಡಳಿತದ ಓದು. ಈಕೆಗೆ ಬೇಕಾದದ್ದು ಗಿಡದ ಓದು.

ಗಿಡದ ಓದು ಈಗ ಏಕೆ ಬೇಕೆಂಬುದಕ್ಕೆ ನಮಗೆ ಕಂಡ ಬಲವಾದ ಕಾರಣ ಒಂದಿದೆ. ೨೦೨೩ರಲ್ಲಿ ಭಾರತ ಬೆಳೆದ ಚಹ ಸುಮಾರು ೧೩೯ ಕೋಟಿ ಕಿಲೋ. ಈ ಬೆಳೆಯಲ್ಲಿ ಇಂದು ಅರ್ಧದಷ್ಟು ಬರುವುದು ದೊಡ್ಡ ಕಂಪನಿಗಳ ತೋಟಗಳಿಂದಲ್ಲ. ಎರಡೆಕರೆ, ಐದೆಕರೆಯ ಸಣ್ಣ ಬೆಳೆಗಾರರಿಂದ. ನೀಲಗಿರಿಯಲ್ಲಿ ನಮ್ಮ ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರು, ಅವರೊಳಗೆ ಲಿಂಗವಂತರಾದ ಒಡೆಯ ಮನೆತನದವರೂ ಸೇರಿ, ಬಹುಮಟ್ಟಿಗೆ ಇಂಥ ಬೆಳೆಗಾರರೇ. ಅವರ ಬಳಿ ಕಾರ್ಖಾನೆಯಿಲ್ಲ. ಕೊಯ್ದ ಹಸಿಯೆಲೆಯನ್ನು ಅದೇ ದಿನ ಕೊಳ್ಳುವವನ ಬಾಗಿಲಿಗೆ ಮುಟ್ಟಿಸಬೇಕು. ತಡವಾದರೆ ಮೂಟೆಯಲ್ಲಿಯೇ ಕಾವೇರಿ ಕೆಡುತ್ತದೆ. ನಾಲ್ಕೂವರೆ ಕಿಲೋ ಎಲೆಗೆ ಒಂದು ಕಿಲೋ ಪುಡಿ. ಎಲೆ ಒರಟು, ಮದ್ದಿನ ಉಳಿಕೆ ಹೆಚ್ಚು ಎಂದು ಕೊಳ್ಳುವವನು ಹೇಳಿದರೆ ಇಲ್ಲವೆನ್ನಲು ಇವರ ಕೈಯಲ್ಲಿ ಅಳತೆಯಿಲ್ಲ. ೨೦೨೪ರಲ್ಲಿ ಅಸ್ಸಾಮಿನ ಎಲೆ ಕೊಳ್ಳುವ ಕಾರ್ಖಾನೆಗಳು ಕೀಟನಾಶಕದ ಉಳಿಕೆಯ ಕಾರಣ ಹೇಳಿ ಸಣ್ಣ ಬೆಳೆಗಾರರ ಎಲೆಯನ್ನೇ ಕೊಳ್ಳುವುದಿಲ್ಲವೆಂದು ಎಚ್ಚರಿಕೆ ಕೊಟ್ಟಿದ್ದವು. ಯಾವ ಮದ್ದನ್ನು ಎಷ್ಟು ಹೊಡೆಯಬೇಕು, ಹೊಡೆದ ಮೇಲೆ ಎಷ್ಟು ದಿನ ಎಲೆ ಕೊಯ್ಯಬಾರದು ಎಂದು ಅವರ ಹೊಲಕ್ಕೆ ಹೋಗಿ ಅವರ ಭಾಷೆಯಲ್ಲಿ ಹೇಳುವ ಒಬ್ಬ ಓದಿದವರು ಇಲ್ಲದಿದ್ದರೆ ಆ ಮನೆಗಳ ಗತಿಯೇನು? ಹಳೆಯ ಚೀನಾದ ರೈತ ಕಳೆದುಕೊಂಡದ್ದೂ ಇದೇ ಕೊರತೆಯಿಂದ.

ತೋಟದ ಕಾರ್ಮಿಕರ ಮಕ್ಕಳ ಮಾತೊಂದು ಉಳಿದಿದೆ. ತಲೆಮಾರುಗಳಿಂದ ಎರಡೆಲೆ ಒಂದು ಮೊಗ್ಗನ್ನು ಕಣ್ಣುಮುಚ್ಚಿ ಆರಿಸಬಲ್ಲ ಕೈಗಳು ಆ ತಾಯಂದಿರವು. ೧೯೫೧ರ ಕಾಯಿದೆ ಅವರ ಮಕ್ಕಳಿಗೆ ಪ್ರಾಥಮಿಕ ಶಾಲೆ ಒದಗಿಸುವ ಹೊಣೆಯನ್ನು ತೋಟಗಳ ಮೇಲೆ ಹೊರಿಸಿತ್ತು. ಪ್ರೌಢಶಾಲೆಗಳನ್ನು ಅಸ್ಸಾಂ ಸರ್ಕಾರ ತೋಟಗಳಲ್ಲಿ ತೆರೆದದ್ದು ತೀರ ಈಚೆಗೆ. ಆ ಶಾಲೆಗಳಿಂದ ಹೊರಟ ಮಗು ಜೋರ್ಹಾಟಿನ ಆ ವಿಭಾಗದಲ್ಲಿ ಕುಳಿತ ದಿನ ಈ ವಿದ್ಯೆ ಪೂರ್ಣವಾಯಿತೆಂದು ನಾವು ಹೇಳುತ್ತೇವೆ. ಅಲ್ಲಿಯವರೆಗೆ ಅರ್ಧ.

ಎರಡು ವಾರ ಕಳೆದು ತಂದೆ ಮಗಳು ಮತ್ತೆ ಬಂದರು. ಓದಿದ್ದನ್ನೆಲ್ಲ ಹೇಳಿದೆವು. ತಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅವರ ಅಳುಕು ಚಹದ ಬಗೆಗೆ ಆಗಿರಲೇ ಇಲ್ಲವೆಂದು ಆಗ ತಿಳಿಯಿತು. “ದೂರ ಭಾಳ ಆತ್ರಿ ಗುರುಗಳ. ರೈಲಿನ್ಯಾಗ ಮೂರು ದಿನ. ಜಡ್ಡು ಜಾಪತ್ರಿ ಬಂದರ ಯಾರು ನೋಡತಾರ?” ಎಂದರು. ಅದಕ್ಕೆ ನಮ್ಮ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಹುಡುಗಿಯೇ ಹೇಳಿದಳು: “ಅಪ್ಪಾ, ವಸತಿಗೃಹ ಐತಿ. ವಾರಕ್ಕ ಎರಡು ಸಲ ಫೋನ್ ಮಾಡತೇನಿ.” ತಂದೆ ಕಣ್ಣೊರೆಸಿಕೊಂಡು, ಹೊರಡಲು ಒಂದು ಒಳ್ಳೆಯ ದಿನ ನೋಡಿ ಹೇಳಿರೆಂದು ನಮ್ಮನ್ನು ಕೇಳಿದರು. ಪ್ರವೇಶಪತ್ರ ತೆಗೆಯಿರಿ ಎಂದೆವು. ಹಾಜರಾಗಬೇಕಾದ ಕೊನೆಯ ದಿನಾಂಕ ಅದರಲ್ಲಿ ಅಚ್ಚಾಗಿತ್ತು. ಅದಕ್ಕೆ ಐದು ದಿನ ಮೊದಲು ಹೊರಡಿರಿ, ನೀವೂ ಜೊತೆಗೆ ಹೋಗಿಬನ್ನಿ ಎಂದು ಹೇಳಿದೆವು. ಇಬ್ಬರೂ ಹೋದರು. ತಂದೆ ಮರಳಿ ಬರುವಾಗ ಅರ್ಧ ಕಿಲೋ ಚಹ ತಂದಿದ್ದರು. ಹಾಲು ಹಾಕದೆ, ಆರು ನಿಮಿಷ ನೋಡಿ ಸೋಸಬೇಕೆಂದು ಮಗಳು ಹೇಳಿ ಕಳಿಸಿದ್ದಳಂತೆ.